ಮಾತಿಗೆ ಬೀಳುವ ಅಂಕ

ಶಾಲೆಯನ್ನು ಬಿಟ್ಟು ಎಷ್ಟೋ ವರ್ಷಗಳಾದವರೂ ಇಂದು ದಿನಕ್ಕೆ ಹತ್ತು ಸಲ ಪರೀಕ್ಷೆಗೆ ಕುಳಿತುಕೊಳ್ಳುತ್ತಿದ್ದಾರೆ. ಅಂತರ್ಜಾಲದ ಯಾವುದಾದರೊಂದು ಬಳಗದಲ್ಲಿ ನಾಲ್ಕು ಸಾಲು ಬರೆದರಾಯಿತು. ಮರುಗಳಿಗೆಯಲ್ಲಿ ಕಾಣದ ಕೈಗಳು ಅದಕ್ಕೆ ಅಂಕ ಹಾಕತೊಡಗುತ್ತವೆ. ಹೆಚ್ಚು ಅಂಕ ಪಡೆದ ಮಾತು ಮೇಲೇರಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಕಡಮೆ ಪಡೆದುದು ತಳಕ್ಕಿಳಿದು ಮರೆಯಾಗುತ್ತದೆ. ಈ ಪದ್ಧತಿ ಇರಬೇಕೆ, ಬೇಡವೆ ಎಂದು ವಾದಿಸುವವರಲ್ಲಿ ಬಹುಮಂದಿ ಬರೆದವನ ಮಾನಾಪಮಾನಗಳನ್ನು ಕುರಿತೇ ಚಿಂತಿಸುತ್ತಾರೆಯೇ ಹೊರತು, ಅಂಕದಿಂದ ಓದುವವನಿಗೆ ಏನು ಪ್ರಯೋಜನವೆಂಬುದನ್ನು ನೆನೆಯುವುದಿಲ್ಲ.

ಇದನ್ನು ಮೊದಮೊದಲು ವಿಸ್ತಾರವಾಗಿ ಪ್ರಯೋಗಿಸಿ ನೋಡಿದ ಬಳಗಗಳಲ್ಲಿ ಸ್ಲ್ಯಾಷ್‌ಡಾಟ್ ಒಂದು. ೧೯೯೭ರಲ್ಲಿ ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿ ರಾಬ್ ಮಾಲ್ಡಾ ಎಂಬ ತರುಣನು ಅದನ್ನು ಆರಂಭಿಸಿದನು. ಗಣಕಯಂತ್ರಗಳಲ್ಲಿ ಆಸಕ್ತಿಯುಳ್ಳವರು ಅಲ್ಲಿ ಸುದ್ದಿಗಳನ್ನೋದಿ ಚರ್ಚಿಸುತ್ತಿದ್ದರು. ದಿನಕ್ಕೆ ಹತ್ತಾರು ಮಾತುಗಳು ಬರುತ್ತಿದ್ದಾಗ ಕಳೆಯನ್ನು ಕೀಳುವುದು ಕಷ್ಟವಾಗಲಿಲ್ಲ. ಜನ ನುಗ್ಗಿ ಬಂದಾಗ ಬೈಗುಳ, ಕುಚೋದ್ಯಗಳ ನಡುವೆ ಒಳ್ಳೆಯ ಮಾತು ಹೂತುಹೋಗತೊಡಗಿತು. ಮಾಲ್ಡಾ ಮೊದಲು ಸುಮಾರು ೨೫ ಮಂದಿ ಸಹಾಯಕರನ್ನು ಕೂಡಿಸಿಕೊಂಡನು. ಅವರೂ ಸಾಲದಾಗಿ ೪೦೦ ಮಂದಿಗೆ ಕೆಲಸ ಹಂಚಿದನು. ಕಡೆಗೆ ಅಧಿಕಾರವನ್ನು ಸಾಮಾನ್ಯ ಸದಸ್ಯರ ಕೈಗೇ ಕೊಟ್ಟನು.

ಆದರೆ ಅಳೆದು ತೂಗಿ ಕೊಟ್ಟನು. ಸರದಿ ಬಂದ ಸದಸ್ಯನಿಗೆ ೫ ಅಂಕಗಳು ದೊರೆಯುತ್ತಿದ್ದವು. ಮೂರು ದಿನಗಳೊಳಗೆ ವೆಚ್ಚ ಮಾಡದಿದ್ದರೆ ಅವು ಕೈಬಿಟ್ಟುಹೋಗುತ್ತಿದ್ದವು. ತಾನು ಬಾಯಿ ಹಾಕಿದ ಚರ್ಚೆಯಲ್ಲಿ ತಾನೇ ಅಂಕ ಹಾಕುವಂತಿರಲಿಲ್ಲ. ಯಾವ ಮಾತಿಗೂ ೫ಕ್ಕಿಂತ ಹೆಚ್ಚಿಲ್ಲ, ಸೊನ್ನೆಗಿಂತ ಒಂದು ಮೆಟ್ಟಿಲು ಕೆಳಗಿನದಕ್ಕಿಂತ ಕಡಮೆಯಿಲ್ಲ. ಓದುವವನು ತನಗೆ ಬೇಕಾದ ಮಟ್ಟವನ್ನು ತಾನೇ ಗೊತ್ತುಮಾಡಿಕೊಂಡು, ಅದಕ್ಕಿಂತ ಕೆಳಗಿನದನ್ನು ಮರೆಮಾಡಬಹುದಾಗಿತ್ತು. ಬೇಕೆಂದರೆ ಎಲ್ಲವನ್ನೂ ತೆರೆದು ಓದಬಹುದಾಗಿತ್ತು. ಜಾಣತನದ ಏರ್ಪಾಡೆಂದೇ ಹೇಳಬೇಕು.

ಸದಸ್ಯನ ಖಾತೆಯಲ್ಲಿ ಕೂಡಿಬರುವ ಮೊತ್ತಕ್ಕೆ ಅಲ್ಲಿ ಇಟ್ಟ ಹೆಸರು ‘ಕರ್ಮ’! ನಮ್ಮ ಶಾಸ್ತ್ರಗಳ ಕರ್ಮವಾದರೋ ಫಲ ಕೊಡಲು ಜನ್ಮಾಂತರದವರೆಗೂ ಕಾಯಬಲ್ಲುದು. ಇದು ಊಟದ ಹೊತ್ತಿಗೆ ಕೈಗೆ ಬರುವ ಕರ್ಮ. ಆ ಸಂಖ್ಯೆಯನ್ನು ಬೆಳೆಸುವುದನ್ನೇ ಜನ ಒಂದು ಆಟವಾಗಿ ಮಾಡಿಕೊಂಡುದರಿಂದ, ಸಂಖ್ಯೆಯನ್ನು ಮುಚ್ಚಿಟ್ಟು ‘ಉತ್ತಮ’, ‘ಕೆಟ್ಟದ್ದು’ ಎಂಬಂತಹ ಮಾತುಗಳನ್ನಷ್ಟೇ ತೋರಿಸಬೇಕಾಯಿತು.

ಇಷ್ಟೆಲ್ಲ ಎಚ್ಚರಿಕೆಯಿದ್ದೂ ನ್ಯಾಯ ದೊರೆಯಿತೆ? ಕ್ಲಿಫ್ ಲ್ಯಾಂಪ್, ಪಾಲ್ ರೆಸ್ನಿಕ್ ಎಂಬ ವಿದ್ವಾಂಸರು ಈ ಬಳಗವನ್ನು ಪರಿಶೀಲಿಸಿ ೨೦೦೪ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಒಳ್ಳೆಯದನ್ನು ಮೇಲೆತ್ತುವ ಕಾರ್ಯ ಒಟ್ಟಿನಲ್ಲಿ ನಡೆಯುತ್ತಿತ್ತು. ಆದರೆ ತಡವಾಗಿ ಬಂದ ಮಾತಿಗೆ, ಕೆಳಗಿನ ಅಂಕದಿಂದ ಹೊರಟ ಮಾತಿಗೆ ಅಷ್ಟೇ ಗಮನ ಸಿಗುತ್ತಿರಲಿಲ್ಲ. ತಪ್ಪಾಗಿ ಬಿದ್ದ ಅಂಕ ಅನೇಕ ವೇಳೆ ತಿದ್ದುಪಾಟಾಗದೆ ಹಾಗೆಯೇ ಉಳಿಯುತ್ತಿತ್ತು. ನಿಧಾನವಾಗಿ ಯೋಚಿಸಿ ಬರೆಯುವವನಿಗೆ ಇದಕ್ಕಿಂತ ದೊಡ್ಡ ದಂಡನೆ ಯಾವುದು?

ಇನ್ನೂ ವಿಚಿತ್ರವಾದುದು ೨೦೧೩ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬೆಳಕಿಗೆ ಬಂದಿತು. ಲೆವ್ ಮುಚ್ನಿಕ್, ಸಿನಾನ್ ಅರಾಲ್, ಷಾನ್ ಟೇಲರ್ ಎಂಬ ಮೂವರು ಒಂದು ಸುದ್ದಿತಾಣದಲ್ಲಿ ಐದು ತಿಂಗಳ ಕಾಲ ೧,೦೧,೨೮೧ ಅಭಿಪ್ರಾಯಗಳ ಮೇಲೆ ಪ್ರಯೋಗ ನಡೆಸಿದರು. ಗುಣಾವಗುಣಗಳನ್ನು ನೋಡದೆ, ಚೀಟಿ ಎತ್ತಿದಂತೆ, ಕೆಲವಕ್ಕೆ ಹುಟ್ಟಿದೊಡನೆ ಒಂದು ಮೆಚ್ಚುಗೆಯ ಗುರುತನ್ನೂ ಕೆಲವಕ್ಕೆ ಒಂದು ನಿರಾಕರಣೆಯ ಗುರುತನ್ನೂ ಹಾಕಿದರು. ಅನಂತರ ಬಂದ ಮೊದಲ ಓದುಗನು ಮೆಚ್ಚುವ ಸಂಭವ, ಮೆಚ್ಚುಗೆಯ ಗುರುತು ಬಿದ್ದ ಮಾತುಗಳಲ್ಲಿ ನೂರಕ್ಕೆ ೩೨ರಷ್ಟು ಹೆಚ್ಚಿತು. ಕಡೆಯಲ್ಲಿ ಅವುಗಳ ಅಂಕ ಸರಾಸರಿ ನೂರಕ್ಕೆ ೨೫ರಷ್ಟು ಮೇಲೇರಿತು. ಸುಳ್ಳು ನಿರಾಕರಣೆಯನ್ನಾದರೋ ಜನರೇ ಮೆಚ್ಚುಗೆ ಸೂಚಿಸಿ ಸರಿಪಡಿಸಿದರು. ಅನ್ಯಾಯದ ನಿಂದೆಯನ್ನು ಕಂಡು ಮರುಗುವ ಗುಂಪು, ಅನ್ಯಾಯದ ಹೊಗಳಿಕೆಗೆ ಮಾತ್ರ ತಲೆದೂಗಿಬಿಡುತ್ತದೆ! ರಾಜಕೀಯ, ಸಮಾಜ, ವ್ಯಾಪಾರ ಮುಂತಾದ ವಿಷಯಗಳಲ್ಲಿ ಈ ಮಂದೆಬುದ್ಧಿ ಸ್ಪಷ್ಟವಾಗಿ ಕಂಡಿತು; ಅರ್ಥಶಾಸ್ತ್ರ, ವಿನೋದಗಳಲ್ಲಿ ಹಾಗೆ ಕಾಣಲಿಲ್ಲ.

ಕಡಮೆ ಅಂಕ ಬಿದ್ದವನು ತಿದ್ದಿಕೊಳ್ಳುತ್ತಾನೆಂಬ ನಂಬಿಕೆಯೂ ನಿಲ್ಲಲಿಲ್ಲ. ೨೦೧೪ರಲ್ಲಿ ನಾಲ್ಕು ಸುದ್ದಿಬಳಗಗಳನ್ನು ಪರೀಕ್ಷಿಸಿದವರಿಗೆ, ಹಾಗೆ ಜರೆಸಿಕೊಂಡವನು ಮೊದಲಿಗಿಂತ ಹೆಚ್ಚಾಗಿಯೂ ಮೊದಲಿಗಿಂತ ಕೀಳಾಗಿಯೂ ಬರೆಯುವುದು ಕಂಡುಬಂದಿತು.

ಹಾಗೆಂದು ಅಂಕವೇ ಬೇಡವೆನ್ನುವುದು ಅವಸರದ ಮಾತು. ೨೦೦೮ರಲ್ಲಿ ಆರಂಭವಾದ ಸ್ಟ್ಯಾಕ್ ಓವರ್‌ಫ್ಲೋ ಬಳಗವನ್ನು ನೋಡಬೇಕು. ಅಲ್ಲಿ ಕೇಳುವುದು ಗಣಕಯಂತ್ರದ ಕ್ರಮವಿಧಿಗಳನ್ನು ಕುರಿತ ಪ್ರಶ್ನೆ. ಕೊಟ್ಟ ಉತ್ತರ ಸರಿಯೋ ತಪ್ಪೋ ಎಂಬುದನ್ನು ಯಂತ್ರದ ಮುಂದೆ ಕುಳಿತು ಯಾರಾದರೂ ಪರೀಕ್ಷಿಸಬಹುದು. ಅದಲ್ಲದೆ, ಇನ್ನೊಬ್ಬನ ಉತ್ತರವನ್ನು ತಗ್ಗಿಸುವವನು ಅವನ ಗಂಟಿನಿಂದ ೨ ಅಂಕ ಕಳೆಯುವಾಗ ತನ್ನ ಗಂಟಿನಿಂದಲೂ ೧ ತೆರಬೇಕು. ಪರೀಕ್ಷೆಗೆ ಒಳಪಡುವ ಮಾತಿಗೆ ಇಂತಹ ಅಂಕ ಒಪ್ಪತಕ್ಕದ್ದೇ. ಮತಭೇದಕ್ಕೆ ಎಡೆಯಿರುವ ವಿಷಯಗಳಲ್ಲಿ ಅದು ಬಹುಮತದ ಗದ್ದಲವಾಗಿ ಪರಿಣಮಿಸುತ್ತದೆ. ಅಲ್ಲಿ ಮೊದಲ ಕೆಲವು ಗಂಟೆಗಳಾದರೂ ಅಂಕವನ್ನು ಮುಚ್ಚಿಡುವುದು ಲೇಸು. ರೆಡಿಟ್ ಬಳಗವು ೨೦೧೩ರಲ್ಲಿ ಇದಕ್ಕೆ ಅವಕಾಶ ಮಾಡಿಕೊಟ್ಟಿತು. ಒಂದು ದಿನದವರೆಗೂ ಅಂಕ ಕಾಣದಂತೆ ಇಡುವ ಅಧಿಕಾರ ಆಯಾ ಉಪಬಳಗದ ಮೇಲ್ವಿಚಾರಕರದು. ಸಂಖ್ಯೆ ಮರೆಯಾದರೂ ಮೇಲಿನ ಸಾಲಿನಲ್ಲಿರುವುದು ಮೇಲಿನದೆಂದೇ ಕಾಣುತ್ತದೆ. ಇದನ್ನು ಬಲ್ಲವರು ಸಾಲನ್ನೂ ಕಲಸಿ, ಒಬ್ಬೊಬ್ಬ ಓದುಗನಿಗೆ ಒಂದೊಂದು ಕ್ರಮದಲ್ಲಿ ಕಾಣಿಸುವ ಏರ್ಪಾಡನ್ನೂ ಅಲ್ಲಿ ಮಾಡಿದ್ದಾರೆ.