ಅಚ್ಚು ಅಳಿದರೂ ಉಳಿದ ಕಾರುಗಳು

1963ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ, ಮಾಮೂಲಿ ಪಿಸ್ಟನ್ ಎಂಜಿನ್ ಬಿಟ್ಟು ಟರ್ಬೈನ್ ಕೂರಿಸಿದ ಕಾರನ್ನು ಜನರ ಕೈಗೆ ಕೊಟ್ಟು ನೋಡಿತು. ಬಾಡಿ ಕಟ್ಟಿದ್ದು ಇಟಲಿಯ ಟ್ಯೂರಿನ್‌ನಲ್ಲಿದ್ದ ಗಿಯಾ ಸಂಸ್ಥೆ. ಪರೀಕ್ಷೆಗೆಂದು ಮಾಡಿದ್ದೂ ಸೇರಿ ಒಟ್ಟು 55 ಕಾರು. 203 ಮಂದಿ ಸರದಿಯ ಮೇಲೆ ಅವನ್ನು ಓಡಿಸಿದರು. ಪ್ರಯೋಗ ಮುಗಿದ ಮೇಲೆ 46 ಕಾರುಗಳನ್ನು ಕಂಪನಿಯೇ ನಾಶ ಮಾಡಿತು, ಉಳಿದದ್ದು ಒಂಬತ್ತೇ. ಆದರೆ ಅದೇ ಹೊತ್ತಿನಲ್ಲಿ ಡೆಟ್ರಾಯಿಟ್‌ನ ಜೋ-ಹ್ಯಾನ್ ಎಂಬ ಸಣ್ಣ ಕಂಪನಿ ಈ ಕಾರಿನ ಇಪ್ಪತ್ತೈದನೇ ಒಂದರಷ್ಟು ಅಳತೆಯ ಪ್ಲಾಸ್ಟಿಕ್ ಕಿಟ್ ತಯಾರಿಸಿತ್ತು. ಆ ಕಾರಿನ ಟರ್ಬೈನ್ ಎಂಜಿನ್ ಹೇಗಿತ್ತು, ಡ್ಯಾಶ್‌ಬೋರ್ಡ್ ಹೇಗಿತ್ತು, ಹಿಂಬದಿಯ ದೀಪಗಳು ಹೇಗೆ ಕೂತಿದ್ದವು ಎಂದು ಕೈಯಲ್ಲಿ ಹಿಡಿದು ನೋಡಬೇಕೆಂದರೆ ಇವತ್ತಿಗೂ ಬಹುತೇಕರಿಗೆ ಇರುವ ದಾರಿ ಆ ಕಿಟ್ ಒಂದೇ.

ಹಳೆಯ ಕಾರ್ ಕಿಟ್‌ಗಳನ್ನು ಕೂಡಿಸುವ, ಜೋಡಿಸುವ ಹವ್ಯಾಸವನ್ನು ಮಕ್ಕಳಾಟ ಎಂದು ತಳ್ಳಿಹಾಕುವವರಿಗೆ ನಾನು ಮೊದಲು ಹೇಳುವುದು ಈ ಕಥೆಯನ್ನೇ. ಒಂದು ಕಾಲದ ಕೈಗಾರಿಕೆ ತನ್ನನ್ನು ತಾನೇ ಚಿಕ್ಕದಾಗಿ ಬರೆದಿಟ್ಟುಕೊಂಡ ದಾಖಲೆ ಅದು.

ಡಬ್ಬ ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಬಾಡಿ. ಚಾವಣಿ, ಬಾಗಿಲು, ಪಕ್ಕೆಗಳೆಲ್ಲ ಸೇರಿ ಒಂದೇ ತುಂಡು. ಅದರಡಿಯಲ್ಲಿ ಪ್ಲಾಸ್ಟಿಕ್ ಕಡ್ಡಿಗಳ ಚೌಕಟ್ಟು. ಎತ್ತಿ ಹಿಡಿದರೆ ಕೊಂಬೆಗೆ ಕಾಯಿ ಕಟ್ಟಿದ ಹಾಗೆ ಎಂಜಿನ್ನಿನ ಎರಡು ಹೋಳು, ಸೀಟು, ಸ್ಟೀರಿಂಗ್, ಸೈಲೆನ್ಸರ್ ಕೊಳವೆ, ಆಕ್ಸಲ್ ನೇತಾಡುತ್ತವೆ. ಬಂಪರ್, ಗ್ರಿಲ್, ಚಕ್ರದ ತಟ್ಟೆಗಳು ಫಳಫಳ ಹೊಳೆಯುತ್ತವೆ. ನಿರ್ವಾತದಲ್ಲಿ ಅಲ್ಯೂಮಿನಿಯಂ ಆವಿಯನ್ನು ಪ್ಲಾಸ್ಟಿಕ್ಕಿನ ಮೇಲೆ ಕೂರಿಸಿ ಬರಿಸಿದ ಹೊಳಪು ಅದು. ಕಿಟಕಿ ಗಾಜಿನ ಪಾರದರ್ಶಕ ತುಂಡು, ನಾಲ್ಕು ಮೆತ್ತನೆಯ ಟೈರು, ನೀರಲ್ಲಿ ನೆನೆಸಿ ಅಂಟಿಸುವ ಡೆಕಾಲ್ ಹಾಳೆ, ಮಡಿಸಿಟ್ಟ ಸೂಚನಾಪತ್ರ. ಅಮೆರಿಕದ ಕಿಟ್‌ಗಳಲ್ಲಿ ಹೆಚ್ಚು ಬಳಕೆಯಾದ ಅಳತೆ 1/25. ಅಂದರೆ ಐದು ಮೀಟರ್ ಉದ್ದದ ಕಾರು ಇಲ್ಲಿ ಇಪ್ಪತ್ತು ಸೆಂಟಿಮೀಟರ್. ಅದರ ಪಕ್ಕದಲ್ಲೇ 1/24 ಕೂಡ ಇದೆ, ಅಡಿಗೆ ಅರ್ಧ ಇಂಚಿನ ಲೆಕ್ಕ. ಕಪಾಟಿನಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಹೇಳುವುದು ಕಷ್ಟ.

ಈ ಕಿಟ್‌ಗಳ ಹುಟ್ಟಿಗೆ ಕಾರಣ ಆಟಿಕೆ ಅಂಗಡಿಯಲ್ಲ, ಕಾರು ಮಾರುವ ಷೋರೂಮ್. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಕಾರು ಕಂಪನಿಗಳು ವರ್ಷವರ್ಷವೂ ಹೊಸ ರೂಪದ ಕಾರು ಬಿಡತೊಡಗಿದವು. ಗಿರಾಕಿಗೆ ತೋರಿಸಲು, ಅವರ ಮಕ್ಕಳ ಕೈಗೆ ಕೊಡಲು ಡೀಲರುಗಳಿಗೆ ಪುಟ್ಟ ಮಾದರಿಗಳು ಬೇಕಾದವು. 1948ರಲ್ಲಿ ವೆಸ್ಟ್ ಗ್ಯಾಲೋಗ್ಲಿ ಎಂಬ ವಕೀಲರು ಇದಕ್ಕೆಂದೇ ಒಂದು ಕಂಪನಿ ಶುರುಮಾಡಿದರು. ಮೊದಲು ಮಾಡಿದ್ದು ಅಲ್ಯೂಮಿನಿಯಂ ಎರಕದ ಫೋರ್ಡ್. ಹಾಗಾಗಿ ಹೆಸರು ಅಲ್ಯೂಮಿನಿಯಂ ಮಾಡೆಲ್ ಟಾಯ್ಸ್. ಬೇಗನೆ ಪ್ಲಾಸ್ಟಿಕ್ಕಿಗೆ ಹೊರಳಿದರೂ ಎಎಂಟಿ ಎಂಬ ಮೂರಕ್ಷರ ಹಾಗೇ ಉಳಿಯಿತು. ಕಂಪನಿ ನೆಲೆ ನಿಂತದ್ದು ಡೆಟ್ರಾಯಿಟ್ ಬಳಿಯ ಟ್ರಾಯ್ ಊರಿನಲ್ಲಿ. ಇವತ್ತು ಕಾರು ಉದ್ಯಮದ ನೌಕರಿಗೆ ಹೋದ ಎಷ್ಟೋ ಕನ್ನಡಿಗ ಎಂಜಿನಿಯರುಗಳು ಮನೆ ಮಾಡಿಕೊಂಡಿರುವ ಸುತ್ತಮುತ್ತಲೇ ಅದು.

ಡೀಲರ್ ಮಾದರಿಗಳಿಗೆ ಕಾರ್ಖಾನೆಯ ನಿಜವಾದ ಬಣ್ಣಗಳನ್ನೇ ಹೊಂದಿಸುತ್ತಿದ್ದರು. ಆದರೆ ಅಂದು ಬಳಸುತ್ತಿದ್ದ ಅಸಿಟೇಟ್ ಪ್ಲಾಸ್ಟಿಕ್ ಕಾಲ ಕಳೆದಂತೆ ಬಾಗುತ್ತದೆ. ಐವತ್ತರ ದಶಕದ ಆ ಮಾದರಿಗಳಲ್ಲಿ ಬೆನ್ನು ಬಗ್ಗಿದ, ಬಾನೆಟ್ ಕುಸಿದ ಕಾರುಗಳೇ ಹೆಚ್ಚು. ಆಮೇಲೆ ಬಂದ ಪಾಲಿಸ್ಟೈರೀನ್ ಆಕಾರ ಕೆಡುವುದಿಲ್ಲ, ಅಂಟಿಗೂ ಒಗ್ಗುತ್ತದೆ. 1958ರಲ್ಲಿ ಎಎಂಟಿ ಅದೇ ಮಾದರಿಗಳ ಅಚ್ಚಿನಿಂದ ಬಿಡಿಭಾಗಗಳ ಕಿಟ್ ಮಾಡಿ ‘ತ್ರೀ ಇನ್ ಒನ್’ ಎಂದು ಮಾರಿತು. ಷೋರೂಮಿನಲ್ಲಿದ್ದ ಹಾಗೆ ಕಟ್ಟಬಹುದು, ಅಲಂಕಾರ ಸೇರಿಸಿ ಕಸ್ಟಮ್ ಮಾಡಬಹುದು, ಇಲ್ಲವೇ ರೇಸಿಗೆ ಇಳಿಸಬಹುದು. ಮೂರಕ್ಕೂ ಬೇಕಾದ ಭಾಗಗಳು ಒಂದೇ ಡಬ್ಬದಲ್ಲಿ. ಆ ಮೊದಲ ಕಿಟ್‌ಗಳಲ್ಲಿ ಬಾನೆಟ್ ತೆರೆಯುತ್ತಿರಲಿಲ್ಲ, ಎಂಜಿನ್ ಇರಲಿಲ್ಲ. ಅರವತ್ತರ ದಶಕ ಕಾಲಿಟ್ಟ ಮೇಲೆ ಎಂಜಿನ್ನೂ ಬಂತು, ಅದರ ಫ್ಯಾನ್ ಬೆಲ್ಟೂ ಬಂತು.

ಪೈಪೋಟಿಗೆ ಕೊರತೆಯಿರಲಿಲ್ಲ. ಕ್ಯಾಲಿಫೋರ್ನಿಯಾದ ರೆವೆಲ್ ಐವತ್ತರ ದಶಕದ ಆರಂಭದಲ್ಲೇ ‘ಹೈವೇ ಪಯನಿಯರ್ಸ್’ ಸರಣಿಯಲ್ಲಿ ಹಳೆಗಾಲದ ಕಾರುಗಳ ಪುಟ್ಟ ಕಿಟ್‌ಗಳನ್ನು ತಂದಿತ್ತು. ಷಿಕಾಗೋ ಕಡೆಯ ಮೋನೋಗ್ರಾಮ್ ಬಾಲ್ಸಾ ಮರದ ಹಡಗುಗಳಿಂದ ಶುರುಮಾಡಿ ಪ್ಲಾಸ್ಟಿಕ್ಕಿಗೆ ಬಂದದ್ದು. ಅರವತ್ತರ ದಶಕದಲ್ಲಿ ಎಂಪಿಸಿ ಸೇರಿಕೊಂಡಿತು. ಅದರ ಮೊದಲ ಕಿಟ್ 1964ರ ಕಾರ್ವೆಟ್. ಕಾರುಗಳನ್ನು ಬೇರೆಯೇ ರೂಪಕ್ಕೆ ತಿದ್ದುವುದರಲ್ಲಿ ಹೆಸರಾಗಿದ್ದ ಜಾರ್ಜ್ ಬ್ಯಾರಿಸ್ ಎಎಂಟಿಗೆ ಸಲಹೆಗಾರರಾದರು. ಎಡ್ ರಾತ್ ಅವರ ವಿಚಿತ್ರ ಕಾರುಗಳನ್ನು ರೆವೆಲ್ ಕಿಟ್ ಮಾಡಿತು. ಒಮ್ಮೆ ಈ ವ್ಯವಹಾರ ತಲೆಕೆಳಗೂ ಆಯಿತು. 1968ರಲ್ಲಿ ಮೋನೋಗ್ರಾಮ್‌ಗಾಗಿ ಟಾಮ್ ಡೇನಿಯಲ್ ‘ರೆಡ್ ಬ್ಯಾರನ್’ ಎಂಬ ಕಾರನ್ನು ಬರೀ ಕಲ್ಪನೆಯಿಂದ ಚಿತ್ರಿಸಿದರು. ಚಾವಣಿಯ ಜಾಗದಲ್ಲಿ ದೊಡ್ಡದೊಂದು ಜರ್ಮನ್ ಸೈನಿಕ ಶಿರಸ್ತ್ರಾಣ! ಕಿಟ್ ಎಷ್ಟು ಜನಪ್ರಿಯವಾಯಿತೆಂದರೆ, ಆಮೇಲೆ ಚಕ್ ಮಿಲ್ಲರ್ ಅದನ್ನು ನೋಡಿಕೊಂಡು ಪೂರ್ಣ ಗಾತ್ರದ, ನಿಜವಾಗಿ ಓಡುವ ಕಾರನ್ನೇ ಕಟ್ಟಿದರು.

ಕಿಟ್‌ಗೂ ಮುಂಚೆಯೇ ಮಾದರಿ ಕಟ್ಟುವುದನ್ನು ಡೆಟ್ರಾಯಿಟ್ ಗಂಭೀರವಾಗಿ ತೆಗೆದುಕೊಂಡಿತ್ತು. ಜನರಲ್ ಮೋಟರ್ಸ್ 1930ರಿಂದ 1968ರವರೆಗೆ ‘ಫಿಶರ್ ಬಾಡಿ ಕ್ರಾಫ್ಟ್ಸ್‌ಮನ್ಸ್ ಗಿಲ್ಡ್’ ಎಂಬ ಸ್ಪರ್ಧೆ ನಡೆಸಿತು. ಮೊದಮೊದಲು ಹುಡುಗರು ನೆಪೋಲಿಯನ್ ಕಾಲದ ಸಾರೋಟನ್ನು ಕೆತ್ತಬೇಕಿತ್ತು; ಬರಬರುತ್ತ ತಾವೇ ಯೋಚಿಸಿದ ಕಾರನ್ನು. ಬಹುಮಾನ ಕಾಲೇಜು ವಿದ್ಯಾರ್ಥಿವೇತನ. 1947ರಲ್ಲಿ ಗೆದ್ದ ಚಕ್ ಜೋರ್ಡನ್ ಎಂಬ ಹುಡುಗ ಮುಂದೆ ಅದೇ ಜನರಲ್ ಮೋಟರ್ಸಿನ ವಿನ್ಯಾಸ ವಿಭಾಗದ ಉಪಾಧ್ಯಕ್ಷರಾದರು. ಅಂಗೈಯಗಲದ ಕಾರನ್ನು ಕೆತ್ತಿದ ಕೈಗೆ ದೊಡ್ಡ ಕಾರಿನ ರೇಖೆ ತಾನಾಗಿ ಒಲಿಯುತ್ತದೆ ಎಂದು ಆ ಕಂಪನಿ ನಂಬಿತ್ತು, ನಂಬಿದ್ದು ಸುಳ್ಳಾಗಲಿಲ್ಲ.

ಇನ್ನು ಅಚ್ಚಿನ ಸಂಗತಿ. ಹಳೆಯ ಕಿಟ್‌ಗೆ ಇರುವ ಬೆಲೆಯ ಗುಟ್ಟೆಲ್ಲ ಇಲ್ಲಿದೆ. ಕಾರು ಬೀದಿಗೆ ಬರುವ ತಿಂಗಳುಗಟ್ಟಲೆ ಮೊದಲೇ ಅದರ ನಕ್ಷೆಗಳು ಕಿಟ್ ಕಂಪನಿಗೆ ತಲುಪುತ್ತಿದ್ದವು. ನುರಿತ ಕೆಲಸಗಾರರು ಕಿಟ್‌ಗಿಂತ ದೊಡ್ಡ ಅಳತೆಯಲ್ಲಿ ಮರದ ಮಾದರಿ ಕೆತ್ತುತ್ತಿದ್ದರು. ಪ್ಯಾಂಟೋಗ್ರಾಫ್ ಯಂತ್ರದ ಒಂದು ತುದಿ ಆ ಮಾದರಿಯ ಮೈಮೇಲೆ ಹರಿದಾಡಿದರೆ, ಇನ್ನೊಂದು ತುದಿ ಅದೇ ಉಬ್ಬುತಗ್ಗುಗಳನ್ನು ಚಿಕ್ಕದು ಮಾಡಿ ಉಕ್ಕಿನಲ್ಲಿ ಕೊರೆಯುತ್ತಿತ್ತು. ಆಮೇಲೆ ಕೈಯಿಂದ ಉಜ್ಜಿ ನಯ ಮಾಡಬೇಕು. ಬಾಡಿ ಒಂದೇ ತುಂಡಾಗಿ ಬರಬೇಕಾದ್ದರಿಂದ ಅಚ್ಚಿನ ಬದಿಗಳು ಸರಿದು ಬಿಚ್ಚಿಕೊಳ್ಳುವಂತಿರಬೇಕು. ಇಂಥ ಅಚ್ಚಿಗೆ ವಿಪರೀತ ಖರ್ಚು. ಅದಕ್ಕೇ ವರ್ಷವರ್ಷ ಹೊಸದನ್ನು ಮಾಡುವ ಬದಲು, ಮುಂದಿನ ವರ್ಷ ಕಾರಿನ ಗ್ರಿಲ್, ದೀಪ, ಬಂಪರ್ ಎಷ್ಟು ಬದಲಾಗುತ್ತಿತ್ತೋ ಅಷ್ಟನ್ನು ಹಳೆಯ ಅಚ್ಚಿನಲ್ಲೇ ತಿದ್ದುತ್ತಿದ್ದರು. ಉಕ್ಕನ್ನು ಒಮ್ಮೆ ಕೊರೆದರೆ ಹಿಂದಿನ ರೂಪ ಹೋದಂತೆಯೇ. ಕೆಲವು ಅಚ್ಚುಗಳು ಕೊನೆಗೆ ರೇಸ್ ಕಾರಿನ ಅಚ್ಚುಗಳಾದವು, ಚಕ್ರದ ಕಮಾನುಗಳನ್ನೇ ಅಗಲ ಮಾಡಿಬಿಟ್ಟರು. ಹಾಗಾಗಿ ಅರವತ್ತರ ದಶಕದ ಎಷ್ಟೋ ವಾರ್ಷಿಕ ಕಿಟ್‌ಗಳನ್ನು ಇಂದು ಕಂಪನಿ ಬಯಸಿದರೂ ಆ ಅಚ್ಚಿನಿಂದ ಮತ್ತೆ ತೆಗೆಯಲಾರದು. ಅಂದು ಪೇಟೆಯ ಅಂಗಡಿಯಲ್ಲಿ ಒಂದೆರಡು ಡಾಲರಿಗೆ ಸಿಕ್ಕ ಡಬ್ಬ ಎಷ್ಟು ಉಳಿದಿದೆಯೋ ಅಷ್ಟೇ.

ಇದೇ ಕಾರಣಕ್ಕೆ ಹವ್ಯಾಸಿಗಳಲ್ಲಿ ಎರಡು ಪಂಗಡ. ಡಬ್ಬದ ಸೀಲು ಒಡೆಯದೆ ಕಾಪಾಡುವವರು ಒಂದು ಕಡೆ, ತೆರೆದು ಕಟ್ಟುವವರು ಇನ್ನೊಂದು ಕಡೆ. ಸೀಲಾದ ಡಬ್ಬಕ್ಕೆ ಹೆಚ್ಚು ಹಣ ಸಿಗುವುದು ನಿಜ. ಆದರೂ ನನ್ನ ಒಲವು ಕಟ್ಟುವವರ ಕಡೆಗೇ. ಅದರಲ್ಲೂ ನನಗೆ ಹೆಚ್ಚು ಗೌರವ ಮೂರನೆಯವರ ಮೇಲೆ: ಯಾವುದೋ ಹುಡುಗ ಅರವತ್ತು ವರ್ಷದ ಹಿಂದೆ ಅಂಟು ಸುರಿದು, ಬ್ರಷ್ಷಿನಲ್ಲಿ ದಪ್ಪಗೆ ಬಣ್ಣ ಬಳಿದು, ಆಡಿ ಮುರಿದು ಬಿಟ್ಟ ಕಾರನ್ನು ಹುಡುಕಿ ತಂದು ಮತ್ತೆ ಜೀವ ಕೊಡುವವರು.

ಆ ಕೆಲಸಕ್ಕೆ ತಾಳ್ಮೆ ಬೇಕು. ಮೊದಲು ಕಾರನ್ನು ಫ್ರೀಜರಿನಲ್ಲಿಡುತ್ತಾರೆ. ಹಳೆಯ ಟ್ಯೂಬ್ ಅಂಟು ಚಳಿಗೆ ಪೆಡಸಾಗಿ, ಮೆಲ್ಲಗೆ ತಿರುಚಿದರೆ ಕಟಕ್ಕೆಂದು ಬಿಡುತ್ತದೆ. ಬಣ್ಣ ತೆಗೆಯಲು ಐಸೋಪ್ರೊಪೈಲ್ ಆಲ್ಕೊಹಾಲ್‌ನಲ್ಲೋ ಬ್ರೇಕ್ ಆಯಿಲ್‌ನಲ್ಲೋ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುತ್ತಾರೆ. ಲ್ಯಾಕರ್ ಥಿನ್ನರ್ ಮುಟ್ಟಿಸಿದರೆ ಬಾಡಿಯೇ ಕರಗುತ್ತದೆ, ಅದರ ಹತ್ತಿರ ಹೋಗಬಾರದು. ಬಂಪರಿನ ಸವೆದ ಹೊಳಪು ಬಟ್ಟೆಗೆ ಹಾಕುವ ಬ್ಲೀಚಿನಲ್ಲಿ ಬಿಟ್ಟುಹೋಗುತ್ತದೆ. ಹಳದಿಗಟ್ಟಿದ ಡೆಕಾಲ್ ಹಾಳೆಯನ್ನು ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಅಂಟಿಸಿಟ್ಟರೆ ದಿನ ಕಳೆದಂತೆ ಬಿಳುಪು ಮರಳುತ್ತದೆ. ಆಮೇಲೆ ಬಿರುಕಿಗೆ ಪುಟ್ಟಿ, ಸ್ಯಾಂಡ್‌ಪೇಪರ್, ಪ್ರೈಮರ್, ಮತ್ತೆ ಸ್ಯಾಂಡ್‌ಪೇಪರ್, ತೆಳುವಾದ ಪದರಗಳಲ್ಲಿ ಬಣ್ಣ.

ಎಲ್ಲಕ್ಕಿಂತ ನಾಜೂಕಿನದು ಕಿಟಕಿಯ ಸುತ್ತಲಿನ ಹೊಳಪಿನ ಅಂಚು. ಇದಕ್ಕೆ ಹಿಂಬದಿಯಲ್ಲಿ ಅಂಟಿರುವ, ಉಸಿರು ತಾಗಿದರೆ ಹಾರುವಷ್ಟು ತೆಳ್ಳನೆಯ ಲೋಹದ ಹಾಳೆ ಸಿಗುತ್ತದೆ. ಬೇಕಾದಷ್ಟು ಪಟ್ಟಿ ಕತ್ತರಿಸಿ ಅಂಚಿನ ಮೇಲೆ ಹಾಸಿ, ಹತ್ತಿ ಸುತ್ತಿದ ಕಡ್ಡಿಯಿಂದ ಮೆಲ್ಲಗೆ ತೀಡಿದರೆ ಕೆಳಗಿನ ಗೆರೆ ಹಾಳೆಯ ಮೇಲೆ ಎದ್ದು ಕಾಣುತ್ತದೆ. ಆಗ ಹೊಸ ಬ್ಲೇಡಿನ ಮೊನೆಯನ್ನು ಒತ್ತದೆ, ತನ್ನ ಭಾರಕ್ಕೆ ತಾನೇ ಸಾಗಲು ಬಿಟ್ಟು ಗೆರೆಯ ಪಕ್ಕದಲ್ಲೇ ಎಳೆಯಬೇಕು. ಹೆಚ್ಚಾದ ಹಾಳೆ ಎತ್ತಿದಾಗ ಕೂದಲಿಗಿಂತ ತುಸು ದಪ್ಪದ ಬೆಳ್ಳಿ ಅಂಚು ಉಳಿಯುತ್ತದೆ. ಮೊಂಡು ಬ್ಲೇಡಾದರೆ ಹಾಳೆ ಹರಿಯುತ್ತದೆ, ಒತ್ತಿದರೆ ಬಣ್ಣ ಸೀಳುತ್ತದೆ. ಪೆಟ್ಟಿಗೆಯಲ್ಲಿ ಬಂದ ಪ್ಲಾಸ್ಟಿಕ್ ತುಂಡು ಕಾರಿನ ಹಾಗೆ ಕಾಣತೊಡಗುವುದು ಈ ಗಳಿಗೆಯಲ್ಲಿ.

ಅಂಟಿನ ಬಗ್ಗೆಯೂ ಒಂದು ಮಾತು. ಪಾಲಿಸ್ಟೈರೀನ್‌ಗೆ ಹಾಕುವ ಅಂಟು ಎರಡೂ ತುಂಡುಗಳ ಮೈಯನ್ನು ತುಸು ಕರಗಿಸಿ ಒಂದಾಗಿಸುತ್ತದೆ, ಬೆಸುಗೆಯೇ ಸರಿ. ಆ ದ್ರಾವಕದ ವಾಸನೆಯನ್ನು ನಶೆಗಾಗಿ ಎಳೆಯುವ ಚಟ ಅರವತ್ತರ ದಶಕದಲ್ಲಿ ಅಮೆರಿಕದ ಮಕ್ಕಳಲ್ಲಿ ಹಬ್ಬಿತು. 1969ರಲ್ಲಿ ಟೆಸ್ಟರ್ಸ್ ಕಂಪನಿ ಅಂಟಿಗೆ ಸಾಸಿವೆಯ ಘಾಟು ಬೆರೆಸಿತು. ಮೂಗಿಗೆ ಹಿಡಿದರೆ ಕಣ್ಣಲ್ಲಿ ನೀರು. ಒಳ್ಳೆಯ ಕೆಲಸವನ್ನೇ ಮಾಡಿತು ಎನ್ನಬೇಕು.

ಬ್ರಿಟನ್ನಿನ ಏರ್‌ಫಿಕ್ಸ್, ಜಪಾನಿನ ಶಿಜುವೊಕಾ ಊರಿನ ತಮಿಯಾ ಬೇರೆಯದೇ ಪರಂಪರೆ. ತಮಿಯಾದ ರೇಸ್ ಕಾರುಗಳ ಬಗ್ಗೆ ಬರೆದರೆ ಇನ್ನೊಂದು ಲೇಖನವೇ ಆದೀತು. ಅಮೆರಿಕದ ಹಳೆಯ ಹೆಸರುಗಳ ಮಟ್ಟಿಗೆ ಹೇಳುವುದಾದರೆ, ಅವು ಹಲವು ಕೈ ಬದಲಾಗಿವೆ. ಎಎಂಟಿಯನ್ನು 1978ರಲ್ಲಿ ಮ್ಯಾಚ್‌ಬಾಕ್ಸ್ ಖ್ಯಾತಿಯ ಲೆಸ್ನಿ ಕೊಂಡಿತು, ಆಮೇಲೆ ಅದು ಎರ್ಟಲ್ ಎಂಬ ಕಂಪನಿಯ ಪಾಲಾಯಿತು. ಎಂಪಿಸಿಯೂ ಅಲ್ಲಿಗೇ ಬಂದು ಸೇರಿತು. ಈಗ ಇಂಡಿಯಾನಾದ ರೌಂಡ್ 2 ಎಂಬ ಕಂಪನಿ ಉಳಿದ ಅಚ್ಚುಗಳನ್ನು ಹುಡುಕಿ, ಹಳೆಯ ಡಬ್ಬದ ಚಿತ್ರಗಳನ್ನೇ ಮುದ್ರಿಸಿ ಮತ್ತೆ ಮಾರುಕಟ್ಟೆಗೆ ಬಿಡುತ್ತಿದೆ. ಹೀಗೆ ಮರಳಿ ಬಂದ ಕಿಟ್ ಸಂಗ್ರಾಹಕರ ಬಳಿಯಿರುವ ಹಳೆಯ ಡಬ್ಬದ ಬೆಲೆ ಇಳಿಸಬಹುದು, ಅವರು ಗೊಣಗಲೂಬಹುದು. ಆದರೆ ಹೊಸಬರು ಕೈ ಹಾಕಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ.

ನಮ್ಮಲ್ಲಿ ಶುರುಮಾಡುವವರೂ ಇಂಥ ಮರುಹುಟ್ಟಿನ ಕಿಟ್ ಒಂದನ್ನು ತರಿಸಿಕೊಂಡು ಆರಂಭಿಸಲಿ. ಅಪರೂಪದ ಹಳೆಯ ಡಬ್ಬದ ಮೇಲೆ ಕೈ ಪಳಗಿಸಿಕೊಳ್ಳುವುದು ಬೇಡ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಲ್ಯಾಕರ್ ಬಣ್ಣ ಹೊಡೆಯಬೇಡಿ, ತೇವ ಸೇರಿಕೊಂಡು ಮೇಲ್ಮೈ ಹಾಲಿನ ಕೆನೆಯಂತೆ ಮಸುಕಾಗುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಮಾಡೆಲ್ ಬಿಟ್ಟು ಹೋಗಬೇಡಿ, ಬಾಡಿ ಸೊಟ್ಟಗಾಗುತ್ತದೆ.

ಕೊನೆಯದಾಗಿ ಒಂದು ಕೋರಿಕೆ. ಅರವತ್ತು, ಎಪ್ಪತ್ತರ ದಶಕದಲ್ಲಿ ಓದಲೋ ನೌಕರಿಗೋ ಅಮೆರಿಕಕ್ಕೆ ಹೋಗಿ ಬಂದ ಚಿಕ್ಕಪ್ಪ, ಸೋದರಮಾವ ನಿಮ್ಮ ಮನೆಯಲ್ಲಿದ್ದರೆ ಅಟ್ಟವನ್ನೊಮ್ಮೆ ನೋಡಿ. ಅರ್ಧ ಕಟ್ಟಿದ ಕಿಟ್ ಸಿಕ್ಕರೂ ಗುಜರಿಗೆ ಹಾಕಬೇಡಿ. ಡಬ್ಬ, ಸೂಚನಾಪತ್ರ, ಮುರಿದ ತುಣುಕು ಎಲ್ಲವನ್ನೂ ಒಟ್ಟಿಗಿಡಿ. ಟೈರುಗಳನ್ನು ಮಾತ್ರ ಇವತ್ತೇ ಹೊರತೆಗೆದು ಬೇರೆ ಕವರಿಗೆ ಹಾಕಿ. ಆ ಕಾಲದ ಮೆತ್ತನೆಯ ವಿನೈಲ್‌ನಿಂದ ಒಸರುವ ಎಣ್ಣೆಯಂಥ ಅಂಶ ತಾಗಿದ ಕಡೆಯಲ್ಲೆಲ್ಲ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ, ಗಾಜಿನ ತುಂಡಿಗೆ ತಾಗಿದರೆ ಅದನ್ನು ಸರಿಮಾಡುವ ಉಪಾಯವಿಲ್ಲ.