ಜೇಬಿನೊಳಗೆ ಅಡಗುವ ಚೀಲ

"ಚೀಲ ಎಲ್ಲೋ ಮಗಾ?"

"ಮನೇಲೇ ಮರ್ತ್‌ಬುಟ್ಟೆ ಕನವ್ವ."

ಈ ಮಾತು ನಮ್ಮ ತಾಳವಾಡಿ ಬೆಟ್ಟದ ಮನೆಗಳಲ್ಲಿ ಹೊಸದಲ್ಲ. ಶಾಲೆ ಬಿಟ್ಟು ಬರುವಾಗ ಅರ್ಧ ಕಿಲೋ ಸಕ್ಕರೆ ತಾ ಅಂತ ಮಗುವಿಗೆ ದುಡ್ಡು ಕೊಟ್ಟಿರುತ್ತೇವೆ. ಚೀಲವನ್ನೂ ಕೊಟ್ಟಿರುತ್ತೇವೆ. ಆದರೆ ದೊಡ್ಡ ಚೀಲ ಪುಸ್ತಕದ ಬ್ಯಾಗಿನಲ್ಲಿ ಹಿಡಿಯುವುದಿಲ್ಲ. ಮಗು ಬಿಟ್ಟು ಹೋಗುತ್ತದೆ. ಸಕ್ಕರೆ ಕವರಿನಲ್ಲಿ ಬರುತ್ತದೆ.

ಕವರು ಅಂದರೆ ಪ್ಲಾಸ್ಟಿಕ್ ಚೀಲ. ಒಂದು ಸಲ ಬಳಸಿ ಬಿಸಾಡುವ ಪ್ಲಾಸ್ಟಿಕ್ ಸಾಮಾನುಗಳನ್ನು ತಮಿಳುನಾಡು ಸರ್ಕಾರ 2019ರ ಜನವರಿ 1ರಿಂದ ನಿಷೇಧಿಸಿದೆ. ಆದರೂ ಕವರು ಪೂರ್ತಿ ನಿಂತಿಲ್ಲ. 2021ರ ಡಿಸೆಂಬರ್ ತಿಂಗಳಲ್ಲಿ ಸರ್ಕಾರ 'ಮೀಂಡುಂ ಮಂಜಪ್ಪೈ' ಎಂಬ ಕಾರ್ಯಕ್ರಮ ಶುರು ಮಾಡಿತು. ಹಾಗೆಂದರೆ 'ಮತ್ತೆ ಹಳದಿ ಚೀಲ'. ಮದುವೆಮನೆಯಲ್ಲಿ ತೆಂಗಿನಕಾಯಿ, ವೀಳ್ಯದೆಲೆ ಹಾಕಿ ಕೊಡುತ್ತಾರಲ್ಲ, ಅದೇ ಚೀಲ. ಅದನ್ನು ಹಿಡಿದು ಪೇಟೆಗೆ ಹೋದರೆ ಜನ ನಗುತ್ತಿದ್ದ ಕಾಲವೂ ಇತ್ತು.

ನಮ್ಮದು ಕಾಡಿನ ಪಕ್ಕದ ಸೀಮೆ. ಸತ್ಯಮಂಗಲಕ್ಕೆ ಹೋಗಬೇಕಾದರೆ ಹಾಸನೂರು ದಾಟಿ ದಿಂಬಂ ಘಾಟಿನ 27 ತಿರುವು ಇಳಿಯಬೇಕು. ಆ ಕಾಡು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಆಯಿತು. ತಿಂಡಿ ಕಟ್ಟಿದ ಕವರಿನಲ್ಲಿ ಉಪ್ಪು, ಎಣ್ಣೆ ಅಂಟಿರುತ್ತದೆ. ಜಿಂಕೆಯಾಗಲಿ ಹಸುವಾಗಲಿ ವಾಸನೆಗೆ ಕವರನ್ನೂ ಸೇರಿಸಿ ನುಂಗುತ್ತದೆ. ಅದು ಹೊಟ್ಟೆಯಲ್ಲಿ ಕರಗುವುದಿಲ್ಲ. ಉಂಡೆ ಕಟ್ಟಿ, ಮೇವು ಮುಂದೆ ಹೋಗದಂತೆ ತಡೆಯುತ್ತದೆ. ಹಸು ಮೇವು ಬಿಡುತ್ತದೆ, ಹೊಟ್ಟೆ ಉಬ್ಬುತ್ತದೆ. ಹಾಲು ಕೊಡುವ ಹಸು ಹೋದರೆ ಆ ಮನೆಯ ಗತಿ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಅದಕ್ಕೇ ಮಗುವಿನ ಹತ್ತಿರ ಯಾವಾಗಲೂ ಇರುವಂಥ ಚೀಲ ಹೊಲಿಯೋಣ. ಇದಕ್ಕೆ ಹೊರಗೊಂದು, ಒಳಗೊಂದು ಜೇಬು. ಬೇಡವಾದಾಗ ಇಡೀ ಚೀಲ ತನ್ನ ಹೊರಜೇಬಿನೊಳಗೇ ಮಡಿಸಿ ಕೂರುತ್ತದೆ.

ಬಟ್ಟೆ ಹತ್ತಿಯದಾಗಿರಲಿ. ಹಳೆಯ ಚೆನ್ನಿಮಲೆ ಬೆಡ್‌ಶೀಟು ಇದ್ದರೆ ಬಹಳ ಚೆನ್ನ. ಭವಾನಿ ಜಮಖಾನೆ ಗಟ್ಟಿ, ಆದರೆ ದಪ್ಪ. ಮಡಿಸಿದರೆ ಜೇಬಿಗೆ ಹೋಗುವುದಿಲ್ಲ. ಹೊಸ ಬಟ್ಟೆಯಾದರೆ ಮೊದಲು ನೀರಿನಲ್ಲಿ ನೆನೆಸಿ ಒಣಗಿಸಿ. ಇಲ್ಲದಿದ್ದರೆ ಹೊಲಿದ ಮೇಲೆ ಕುಗ್ಗುತ್ತದೆ.

ಈಗ ಟೇಪು ತೆಗೆದುಕೊಳ್ಳಿ. ಗೇಣು ಬೇಡ. ನನ್ನ ಗೇಣು ಬೇರೆ, ನಿಮ್ಮ ಗೇಣು ಬೇರೆ. ಟೇಪಿನಲ್ಲಿ ಒಂದು ಇಂಚಿಗೆ 8 ಸಣ್ಣ ಮನೆಗಳಿರುತ್ತವೆ. 4 ಮನೆ ಅಂದರೆ ಅರ್ಧ ಇಂಚು. 2 ಮನೆ ಅಂದರೆ ಕಾಲು ಇಂಚು. ಇಷ್ಟು ಗೊತ್ತಾದರೆ ಸಾಕು.

ಚೀಲಕ್ಕೆ 13 ಇಂಚು ಅಗಲ, 31 ಇಂಚು ಉದ್ದದ ಒಂದೇ ತುಂಡು ಕತ್ತರಿಸಿ. ಹೊಲಿದ ಮೇಲೆ ಚೀಲ 12 ಇಂಚು ಅಗಲ, 14 ಇಂಚು ಎತ್ತರ ಬರುತ್ತದೆ. ಉಳಿದದ್ದು ಅಂಚಿಗೆ ಹೋಗುತ್ತದೆ. ಎರಡು ತುಂಡು ಸೇರಿಸಬೇಡಿ. ಒಂದೇ ತುಂಡನ್ನು ಮಧ್ಯಕ್ಕೆ ಮಡಿಸಿದರೆ ತಳದಲ್ಲಿ ಹೊಲಿಗೆಯೇ ಇರುವುದಿಲ್ಲ. ಹೊಲಿಗೆ ಇಲ್ಲದ ಕಡೆ ಬಿಚ್ಚುವುದೂ ಇಲ್ಲ. ಹೊರಜೇಬಿಗೆ 8 ಇಂಚು ಅಗಲ, ಎಂಟೂವರೆ ಇಂಚು ಉದ್ದದ ತುಂಡು. ಒಳಜೇಬಿಗೆ 6 ಇಂಚು ಅಗಲ, ಆರೂವರೆ ಇಂಚು ಉದ್ದ. ಹಿಡಿಗೆ 4 ಇಂಚು ಅಗಲ, 22 ಇಂಚು ಉದ್ದದ ಎರಡು ಪಟ್ಟಿ.

ಹಿಡಿಯ ವಿಷಯದಲ್ಲಿ ನಾನೇ ಮೋಸ ಹೋಗಿದ್ದೇನೆ. ಮೊದಲ ಚೀಲ ಹೊಲಿದಾಗ ನನ್ನ ಕೈಗೆ ಅಳತೆ ನೋಡಿದೆ. ನನ್ನ ಮಗಳು ಅದನ್ನು ಕೈಯಲ್ಲಿ ಹಿಡಿದರೆ ತಳ ರಸ್ತೆಗೆ ಉಜ್ಜುತ್ತಿತ್ತು. ಹದಿನೈದು ದಿನದಲ್ಲಿ ತೂತು. ಚಿಕ್ಕ ಮಕ್ಕಳಿಗೆ ಭುಜಕ್ಕೆ ಹಾಕುವ ಹಿಡಿಯೇ ಸರಿ. 22 ಇಂಚು ಹೇಳಿದ್ದು ಅದಕ್ಕೇ.

ಜೇಬುಗಳನ್ನೇ ಮೊದಲು ಹೊಲಿಯಬೇಕು. ಚೀಲ ಮುಚ್ಚಿದ ಮೇಲೆ ಕೈ ಹೋಗುವುದಿಲ್ಲ. ಜೇಬಿನ ಬಾಯನ್ನು ಅರ್ಧ ಇಂಚಿನಂತೆ ಎರಡು ಸಲ ಮಡಿಸಿ ಹೊಲಿಯಿರಿ. ಮಿಕ್ಕ ಮೂರು ಕಡೆ ಅರ್ಧ ಇಂಚು ಒಳಕ್ಕೆ ಮಡಿಸಿ. ದೊಡ್ಡ ತುಂಡನ್ನು ಮಧ್ಯಕ್ಕೆ ಮಡಿಸಿ ಗೆರೆ ಮಾಡಿ. ಗೆರೆಯಿಂದ 2 ಇಂಚು ಮೇಲೆ, ಅಗಲದ ನಡುವೆ, ಹೊರಮುಖದಲ್ಲಿ ಹೊರಜೇಬು ಇಟ್ಟು ಮೂರು ಕಡೆ ಹೊಲಿಯಿರಿ. ಬಾಯಿ ಮೇಲಕ್ಕಿರಲಿ. ಒಳಜೇಬನ್ನು ಇನ್ನೊಂದು ಅರ್ಧದ ಒಳಮುಖದಲ್ಲಿ, ಮೇಲಿನ ಅಂಚಿನಿಂದ 4 ಇಂಚು ಕೆಳಗೆ ಹೊಲಿಯಿರಿ. ಅದರ ನಡುವೆ ಉದ್ದಕ್ಕೆ ಒಂದು ಹೊಲಿಗೆ ಹಾಕಿದರೆ ಪೆನ್ಸಿಲಿಗೆ ಒಂದು ಮನೆ, ಚಿಲ್ಲರೆಗೆ ಒಂದು ಮನೆ.

ಆಮೇಲೆ ಪಕ್ಕಗಳು. ಒಳಮುಖ ಒಳಗೇ ಇರುವಂತೆ ಮಡಿಸಿ, ಎರಡೂ ಪಕ್ಕ ಕಾಲು ಇಂಚಿನಲ್ಲಿ ಹೊಲಿಯಿರಿ. ನೂಲೆಳೆ ಕತ್ತರಿಸಿ. ಚೀಲ ತಿರುಗಿಸಿ ಮತ್ತೆ ಕಾಲು ಇಂಚಿನಲ್ಲಿ ಹೊಲಿಯಿರಿ. ಕತ್ತರಿಸಿದ ಅಂಚು ಒಳಗೆ ಮುಚ್ಚಿಹೋಗುತ್ತದೆ. ಎರಡು ಸಲ ಯಾಕೆ ಅಂತ ಬೇಸರ ಬೇಡ. ಒಗೆದಾಗ ಎಳೆ ಬಿಚ್ಚುವುದು ಇಲ್ಲಿಂದಲೇ. ಮಿಷನ್ನು ಇಲ್ಲದವರು ಕೈಯಲ್ಲಿ ಹೊಲಿಯಬಹುದು. ಸೂಜಿ ಒಂದು ಹೆಜ್ಜೆ ಹಿಂದಕ್ಕೆ, ಎರಡು ಹೆಜ್ಜೆ ಮುಂದಕ್ಕೆ ಹೋಗಲಿ.

ಹಿಡಿಯ ಪಟ್ಟಿಯನ್ನು ನಾಲ್ಕು ಪದರ ಮಡಿಸಿ ಹೊಲಿದರೆ 1 ಇಂಚು ಅಗಲ ಆಗುತ್ತದೆ. ಚೀಲದ ಬಾಯನ್ನು ಒಳಕ್ಕೆ ಮೊದಲು ಅರ್ಧ ಇಂಚು, ಆಮೇಲೆ 1 ಇಂಚು ಮಡಿಸಿ. ಒಂದು ಹಿಡಿ ಮುಂದೆ, ಒಂದು ಹಿಂದೆ. ಅವುಗಳ ತುದಿಗಳನ್ನು ಪಕ್ಕದಿಂದ 3 ಇಂಚು ಬಿಟ್ಟು ಮಡಿಕೆಯೊಳಗೆ ಸೇರಿಸಿ, ಸುತ್ತಲೂ ಹೊಲಿಯಿರಿ. ಹಿಡಿಯನ್ನು ಮೇಲಕ್ಕೆ ಎತ್ತಿ, ಬುಡದಲ್ಲಿ ಒಂದು ಚೌಕ ಹೊಲಿಯಿರಿ. ಚೌಕದೊಳಗೆ ಗುಣಿಸುವ ಗುರುತು ಹಾಕಿ. ಲೆಕ್ಕದ ಪಾಠದಲ್ಲಿ ಬಂತಲ್ಲ, ಅದೇ. ಭಾರ ಪೂರ್ತಿ ಬೀಳುವುದು ಇಲ್ಲಿಗೆ.

ಚೀಲವನ್ನು ಮಗುವಿಗೆ ಕೊಡುವ ಮುಂಚೆ 3 ಕಿಲೋ ರಾಗಿ ತುಂಬಿ ಒಂದು ರಾತ್ರಿ ಗೂಟಕ್ಕೆ ನೇತು ಹಾಕಿ. ಬೆಳಿಗ್ಗೆ ಹಿಡಿಯ ಬುಡ ನೋಡಿ. ಚೀಲ 3 ಕಿಲೋ ತಡೆದರೂ ಮಗುವಿಗೆ ಅಷ್ಟು ಹೊರಿಸಬಾರದು. ಶಾಲೆಯ ಬ್ಯಾಗು ಮಗುವಿನ ತೂಕದ ಹತ್ತರಲ್ಲಿ ಒಂದು ಪಾಲು ಮೀರಬಾರದು ಅಂತ ಕೇಂದ್ರ ಸರ್ಕಾರದ 2020ರ ಶಾಲಾ ಬ್ಯಾಗ್ ನೀತಿ ಹೇಳುತ್ತದೆ. ಮಗು 20 ಕಿಲೋ ಇದ್ದರೆ ಪುಸ್ತಕದ ಭಾರ 2 ಕಿಲೋ. ಅದರ ಮೇಲೆ ಸಾಮಾನು ಅರ್ಧ ಕಿಲೋ ಸಾಕು.

ಮಡಿಸುವುದು ಹೀಗೆ: ಹೊರಜೇಬು ಕೆಳಗೆ ಬರುವಂತೆ ಚೀಲವನ್ನು ಚಾಪೆಯ ಮೇಲೆ ಹಾಸಿ. ಎರಡು ಪಕ್ಕ, ತಳ, ಹಿಡಿ ಎಲ್ಲವನ್ನೂ ಜೇಬಿನ ಅಳತೆಗೆ ಮಡಿಸಿ. ಜೇಬಿನೊಳಗೆ ಕೈ ಹಾಕಿ, ದಿಂಬಿನ ಚೀಲ ತಿರುಗಿಸುವಂತೆ ಒಳಹೊರಗು ಮಾಡಿ ಮಡಿಕೆಯ ಮೇಲೆ ಎಳೆಯಿರಿ.

ನಮ್ಮ ಕೇಂದ್ರದ ಅಕ್ಕ ಒಬ್ಬರು ಹೊರಜೇಬಿನ ಮೇಲೆ ಮಗನ ಹೆಸರನ್ನು ದಾರದಲ್ಲಿ ಬರೆದರು. ಅವರು ಅಕ್ಷರ ಕಲಿತು ನಾಲ್ಕು ತಿಂಗಳಾಗಿತ್ತು. ಚೀಲ ಮಡಿಸಿದರೆ ಹೆಸರು ಒಳಕ್ಕೆ ಹೋಯಿತು. ಹೊರಗೆ ಕಂಡದ್ದು ಹಿಂಬದಿಯ ತಿರುಗುಮುರುಗಾದ ಅಕ್ಷರ. "ಇದು ಯಾವ ಭಾಷೆ ಮೇಡಂ?" ಅಂತ ಅವರೇ ನಕ್ಕರು. ಆಮೇಲೆ ಬೇರೆ ಬಟ್ಟೆಚೂರಿನ ಮೇಲೆ ಹೆಸರು ಹೊಲಿದು, ಜೇಬಿನ ಒಳಬದಿಗೆ ಹಚ್ಚಿದರು. ಈಗ ಚೀಲ ಬಿಚ್ಚಿದರೂ ಹೆಸರು ಕಾಣುತ್ತದೆ, ಮಡಿಸಿದರೂ ಕಾಣುತ್ತದೆ.