ಹುಂಜ ಕೊಬ್ಬಿದಷ್ಟೂ ಮರಿ ಹೆಚ್ಚೇ?

ಹನ್ನೆರಡು ಮೊಟ್ಟೆ ಇಟ್ಟು ಕೋಳಿಯನ್ನು ಕಾವಿಗೆ ಕೂರಿಸಿದ್ದೀರಿ. 21 ದಿನ ಕಳೆದ ಮೇಲೆ ಹೊರಬಂದದ್ದು ಐದೇ ಮರಿ ಎಂದುಕೊಳ್ಳಿ. ಬೈಗುಳ ಬೀಳುವುದು ಹೇಂಟೆಗೆ. ಅಂಗಳದಲ್ಲಿ ಎದೆಯುಬ್ಬಿಸಿ ತಿರುಗುವ ಹುಂಜದ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಎಂಟು ಹತ್ತು ಹೇಂಟೆಗಳಿಗೆ ಒಂದೇ ಹುಂಜ ಇರುವ ಕಡೆ ಅದರ ದೋಷ ಅಷ್ಟೂ ಕೋಳಿಗಳ ಮೊಟ್ಟೆಗೆ ತಟ್ಟುತ್ತದೆ.

ಹುಂಜವಿಲ್ಲದೆಯೂ ಕೋಳಿ ಮೊಟ್ಟೆ ಇಡುತ್ತದೆ. ಮರಿಯಾಗಲು ಮಾತ್ರ ಹುಂಜ ಬೇಕು.

ಚೆನ್ನಾಗಿ ತಿನ್ನಿಸಿದರೆ ಹುಂಜದ ಶಕ್ತಿ ಹೆಚ್ಚುತ್ತದೆ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಹಸಿದ ಹುಂಜದ ವೃಷಣಗಳು ಕುಗ್ಗುತ್ತವೆ, ವೀರ್ಯ ಕಡಿಮೆಯಾಗುತ್ತದೆ. ಕೊಬ್ಬಿದ ಹುಂಜದ ತೊಂದರೆ ಬೇರೆ. ಹುಂಜಕ್ಕೆ ಶಿಶ್ನವಿಲ್ಲ. ಅದು ಹೇಂಟೆಯ ಬೆನ್ನೇರಿ, ಸಮತೋಲ ಕಾಯ್ದುಕೊಂಡು, ತನ್ನ ಗುದದ್ವಾರವನ್ನು ಅದರ ಗುದದ್ವಾರಕ್ಕೆ ಒತ್ತಬೇಕು. ಮೈಭಾರವಾಗಿ ಕಾಲು ನೋಯುವ ಹುಂಜಕ್ಕೆ ಈ ಕಸರತ್ತು ಕಷ್ಟ. ಅದಕ್ಕೇ ಬ್ರಾಯ್ಲರ್ ತಳಿಯ ತಾಯಿಕೋಳಿ ಫಾರಂಗಳಲ್ಲಿ ಹುಂಜಗಳಿಗೆ ಅಳೆದು ತಿನ್ನಿಸುತ್ತಾರೆ, ಅದೂ ಬೇರೆ ತೊಟ್ಟಿಯಲ್ಲಿ. ಇನ್ನೊಂದು ಕಾರಣ ಸುಣ್ಣದಂಶ. ಚಿಪ್ಪು ಕಟ್ಟಬೇಕಾದ ಹೇಂಟೆಯ ಆಹಾರದಲ್ಲಿ ಕ್ಯಾಲ್ಸಿಯಂ ಶೇ. 3ರಿಂದ 4ರಷ್ಟಿರುತ್ತದೆ, ಹುಂಜಕ್ಕೆ ಶೇ. 1 ಸಾಕು. ಮಿಕ್ಕದ್ದನ್ನು ಹೊರಹಾಕುವ ಹೊರೆ ಮೂತ್ರಪಿಂಡದ್ದು.

ಎಷ್ಟು ತಿಂದಿತು ಎಂಬುದಕ್ಕಿಂತ ಏನು ತಿಂದಿತು ಎಂಬುದು ನನಗೆ ಹೆಚ್ಚು ಕುತೂಹಲದ ವಿಷಯ. ಹುಂಜದ ವೀರ್ಯಾಣುವಿನ ಹೊರಪೊರೆಯಲ್ಲಿ ಬಹುಅಪರ್ಯಾಪ್ತ ಕೊಬ್ಬಿನಾಮ್ಲಗಳು ಹೇರಳ. ಇವು ಪೊರೆಯನ್ನು ಬಳುಕುವಂತೆ ಇಡುತ್ತವೆ, ವೀರ್ಯಾಣು ಈಜಲು ಅದು ಬೇಕು. ಆದರೆ ಇಂಥ ಕೊಬ್ಬು ಆಮ್ಲಜನಕ ತಾಗಿದರೆ ಬೇಗ ಕೆಡುತ್ತದೆ, ಎಣ್ಣೆ ಕಮಟು ಹಿಡಿದಂತೆ. ಅದನ್ನು ತಡೆಯುವುದು ವಿಟಮಿನ್ ಇ. ಜೊತೆಗೆ, ಸೆಲೆನಿಯಂ ಇದ್ದರೆ ಮಾತ್ರ ಕೆಲಸ ಮಾಡುವ ಒಂದು ಕಿಣ್ವ. 1922ರಲ್ಲಿ ಅಮೆರಿಕದ ಹರ್ಬರ್ಟ್ ಇವಾನ್ಸ್ ಮತ್ತು ಕ್ಯಾಥರಿನ್ ಬಿಷಪ್ ವಿಟಮಿನ್ ಇ ಕಂಡುಕೊಂಡದ್ದೇ, ಇಲಿಗಳಿಗೆ ಮರಿಯಾಗಲು ಅದು ಬೇಕೆಂಬ ಕಾರಣಕ್ಕೆ.

ಇಲ್ಲಿ ಮನೆಯ ತೌಡಿನ ಡಬ್ಬ ನೋಡಿ. ಅಕ್ಕಿ ತೌಡಿನಲ್ಲಿ ಎಣ್ಣೆ ಬಹಳ. ಸೆಖೆಯಲ್ಲಿ ಬೇಗ ಕಮಟುತ್ತದೆ. ಕಮಟಿದ ಎಣ್ಣೆ ಆಹಾರದಲ್ಲಿದ್ದ ವಿಟಮಿನ್ ಇಯನ್ನೂ ಹಾಳುಮಾಡುತ್ತದೆ. ಬೂಸ್ಟು ಹಿಡಿದ ಜೋಳ, ಕಡಲೆಕಾಯಿ ಹಿಂಡಿಯ ಅಫ್ಲಟಾಕ್ಸಿನ್ ಯಕೃತ್ತನ್ನು ಕೆಡಿಸಿ ಕೋಳಿಯನ್ನು ಸೊರಗಿಸುತ್ತದೆ. ಮನುಷ್ಯರಿಗೆ ಬೇಡವಾದದ್ದು ಕೋಳಿಗೆ ಆದೀತು ಎಂಬ ಲೆಕ್ಕ ಇಲ್ಲಿ ತಪ್ಪುತ್ತದೆ. ತಾಜಾ ತೌಡು, ಒಣಗಿದ ಕಾಳು, ಮೇಯಲು ಒಂದಿಷ್ಟು ಹಸಿರು ಸೊಪ್ಪು ಇದ್ದರೆ ಎಷ್ಟೋ ವಾಸಿ. ಸೆಲೆನಿಯಂ ಪುಡಿಯನ್ನು ಮಾತ್ರ ಅಂದಾಜಿಗೆ ಹಾಕಬೇಡಿ. ಬೇಕಾದದ್ದು ಅತ್ಯಲ್ಪ, ಹೆಚ್ಚಾದರೆ ವಿಷ.

ಆಹಾರ ಬದಲಿಸಿದ ಮರುವಾರವೇ ಫಲ ಹುಡುಕಬೇಡಿ. ಹುಂಜದ ದೇಹದಲ್ಲಿ ವೀರ್ಯಾಣು ರೂಪುಗೊಳ್ಳಲು ಸುಮಾರು ಎರಡು ವಾರ ಬೇಕು. ಹೇಂಟೆ ಕೂಡಾ ವೀರ್ಯಾಣುಗಳನ್ನು ಒಡಲಲ್ಲಿ ಎರಡು ವಾರ, ಕೆಲವೊಮ್ಮೆ ಮೂರು ವಾರ ಕಾಪಿಟ್ಟುಕೊಳ್ಳುತ್ತದೆ. ಅಂದರೆ ಇಂದಿನ ಮೊಟ್ಟೆ ಹೇಳುವುದು ಹಿಂದಿನ ತಿಂಗಳ ಊಟದ ಕಥೆ. ವಾರದೊಳಗೆ ಫಲ ಎನ್ನುವ ಟಾನಿಕ್ ಮಾರುವವರಿಗೆ ಈ ಲೆಕ್ಕ ಕೇಳಿ.

ಹುಂಜವನ್ನು ದೂರುವ ಮೊದಲು ಕಾವಿನ ಏಳನೆಯ ರಾತ್ರಿ ಮೊಟ್ಟೆಯನ್ನು ಟಾರ್ಚ್ ಬೆಳಕಿಗೆ ಹಿಡಿಯಿರಿ. ಜೇಡರ ಬಲೆಯಂಥ ಕೆಂಪು ಎಳೆ ಕಂಡರೆ ಹುಂಜ ತನ್ನ ಕೆಲಸ ಮಾಡಿದೆ; ಆ ಮೇಲೂ ಮರಿ ಬರದಿದ್ದರೆ ಕಾವು, ತೇವ ನೋಡಬೇಕು. ಮೊಟ್ಟೆಗಳೆಲ್ಲ ಬರೀ ತಿಳಿಯಾಗಿ ಕಂಡರೆ ಹುಂಜದ ತೂಕ, ಕಾಲು ಮತ್ತು ತೌಡಿನ ಡಬ್ಬ ನೋಡಿ.